ಏಳು ಕೊಟ್ಟು ಆರು ತಗೊಂಡ ಕಥೆ

ಕಾಚಿಗುಡದ ಕಡೆ ನಾವು ಹತ್ತು ಹನ್ನೆರಡು ಮಂದಿ ಕನ್ನಡದವರು ತಿಂಗಳಿಗೊಂದು ಭಾನುವಾರ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಇದು ಸಂಘ ಅಲ್ಲ. ಅಧ್ಯಕ್ಷರಿಲ್ಲ, ಚಂದಾ ಇಲ್ಲ, ಲೆಕ್ಕಪತ್ರ ಇಲ್ಲ. (ಆದ್ದರಿಂದಲೇ ಇಷ್ಟು ವರ್ಷ ಜಗಳ ಇಲ್ಲದೆ ನಡೆದಿದೆ ಅಂತ ನನ್ನ ನಂಬಿಕೆ!) ಉಪ್ಪಿಟ್ಟು, ಚಹಾ, ಊರಿನ ಮಳೆ ಬೆಳೆ, ಮಕ್ಕಳ ಮದುವೆ, ಇಷ್ಟೇ. ಒಂದು ಭಾನುವಾರ ಯಾರಿಗೋ ಹುರುಪು ಬಂದು, ಎಲ್ಲರೂ ಒಂದೊಂದು ಐತಿಹಾಸಿಕ ಕಿರುಗತೆ ಬರೆದು ತರೋಣ ಅಂದರು. ನಿಯಮ ಎರಡೇ. ಇನ್ನೂರು ಪದ ಮೀರಬಾರದು. ಬರೆಯುವವರು ಹುಟ್ಟುವ ಮುಂಚಿನ ಕಾಲದ ಕಥೆಯಾಗಿರಬೇಕು. ಹಾಳೆಯ ಮೇಲೆ ಹೆಸರು ಹಾಕುವಂತಿಲ್ಲ, ಒಬ್ಬರೇ ಎಲ್ಲವನ್ನೂ ಓದುತ್ತಾರೆ. ಬಹುಮಾನ ಒಂದು ಡಬ್ಬಿ ಧಾರವಾಡ ಪೇಢೆ.

ನಾನು ಬಿ.ಕಾಂ. ಓದಿ ಬ್ಯಾಂಕು ಸೇರಿದವನು. ಮೂವತ್ತು ವರ್ಷದಿಂದ ಹೈದರಾಬಾದಿನಲ್ಲಿದ್ದೇನೆ. ಬರವಣಿಗೆ ಅಂದರೆ ನನಗೆ ಆಡಿಟ್ ಆಕ್ಷೇಪಣೆಗೆ ಉತ್ತರ ಬರೆಯುವುದು. ಆದರೆ ಇನ್ನೂರು ಪದ ತಾನೆ, ಒಂದು ವೋಚರಿನಷ್ಟು ಆಗಬಹುದು ಅಂದುಕೊಂಡೆ. ಆ ಒಂದು ಹಾಳೆ ನನ್ನನ್ನು ಮೂರು ವಾರ ಅಲ್ಲಾಡಿಸಿಬಿಟ್ಟಿತು ನೋಡಿ.

ಮೊದಲು ಹೊಳೆದದ್ದು 1908ರ ಮೂಸಿ ನದಿಯ ಪ್ರವಾಹ. ಈ ಊರಿಗೆ ಬಂದ ಪ್ರತಿಯೊಬ್ಬ ಕನ್ನಡಿಗನೂ ಅದನ್ನು ಅಭಿಮಾನದಿಂದ ಹೇಳುತ್ತಾನೆ, ಯಾಕೆಂದರೆ ಕೊನೆಗೆ ನಮ್ಮ ವಿಶ್ವೇಶ್ವರಯ್ಯನವರು ಬರುತ್ತಾರೆ. ಸೆಪ್ಟೆಂಬರ್ 28ರ ಮಳೆ, ಕೊಚ್ಚಿಹೋದ ಸೇತುವೆಗಳು, ಸುಮಾರು ಹದಿನೈದು ಸಾವಿರ ಸಾವು ಅಂತ ಸಾಮಾನ್ಯವಾಗಿ ಹೇಳುವ ಲೆಕ್ಕ, ಅಫ್ಜಲ್‌ಗಂಜ್‌ನ ಹುಣಸೇಮರ ಹತ್ತಿ ಬದುಕಿಕೊಂಡ ನೂರೈವತ್ತು ಜನ, ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಕಣ್ಣೀರು, 1909ರಲ್ಲಿ ವಿಶ್ವೇಶ್ವರಯ್ಯನವರ ವರದಿ, 1920ರಲ್ಲಿ ಮುಗಿದ ಉಸ್ಮಾನ್ ಸಾಗರ, 1927ರ ಹಿಮಾಯತ್ ಸಾಗರ... ಇಷ್ಟನ್ನೂ ಇನ್ನೂರು ಪದದಲ್ಲಿ ತುರುಕಿದೆ. ಪದ ಎಣಿಸಿದೆ, ನೂರಾ ತೊಂಬತ್ತೆಂಟು. ಭೇಷ್ ಅಂತ ನನಗೆ ನಾನೇ ಹೇಳಿಕೊಂಡು ಹೆಂಡತಿಗೆ ಓದಿದೆ.

"ಇದು ಕಥೆ ಅಲ್ಲ ಕಣ್ರೀ, ಬ್ಯಾಂಕ್ ಪರೀಕ್ಷೆಯ ಸಾಮಾನ್ಯ ಜ್ಞಾನದ ಪುಸ್ತಕ" ಅಂದಳು.

ಸಿಟ್ಟು ಬಂತು. ಎರಡು ದಿನ ಬಿಟ್ಟು ಓದಿದಾಗ ಅವಳು ಹೇಳಿದ್ದೇ ಸರಿ ಅನಿಸಿತು. ಅದರಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ಹುಣಸೇಮರದ ಮೇಲೆ ನೂರೈವತ್ತು ಜನ ಇದ್ದರು, ಆದರೆ ಒಬ್ಬನ ಕೈ ಜೋಮು ಹಿಡಿದದ್ದು ಇರಲಿಲ್ಲ. ಇನ್ನೊಂದು ವಿಷಯವೂ ಚುಚ್ಚಿತು. ಮಹಬೂಬ್ ಅಲಿ ಖಾನರ ಬಾಯಿಯಲ್ಲಿ ನಾನು ಎರಡು ಮಾತು ಹಾಕಿಬಿಟ್ಟಿದ್ದೆ. ಅವರು ಹಾಗೆ ಹೇಳಿದ್ದರು ಅನ್ನುವುದಕ್ಕೆ ನನ್ನ ಹತ್ತಿರ ಯಾವ ಕಾಗದ ಇದೆ? ಗಿರಾಕಿಯ ಸಹಿ ಇಲ್ಲದ ಚೆಕ್ಕಿಗೆ ನಾನೇ ಸಹಿ ಹಾಕಿ ಪಾಸು ಮಾಡಿದ ಹಾಗಾಯಿತಲ್ಲ.

ಈ ಗೊಂದಲದಲ್ಲಿರುವಾಗ ನೆನಪಾದದ್ದು ಆತಕೂರಿನ ಕಲ್ಲು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದವರು ನೋಡಿರಬಹುದು, ನಾಯಿಯೂ ಹಂದಿಯೂ ಹೋರಾಡುವ ಕೆತ್ತನೆ ಇರುವ ವೀರಗಲ್ಲು. ಮಂಡ್ಯ ಜಿಲ್ಲೆಯ ಆತಕೂರಿನದು. ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಬೂತುಗನ ಕಡೆಯ ಮಣಲೆರ ಎಂಬ ವೀರ ಚೆನ್ನಾಗಿ ಕಾದಿದ. ಮೆಚ್ಚಿಕೊಂಡ ಒಡೆಯ, ಏನು ಬೇಕೋ ಕೇಳು ಅಂದ. ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಮುಂದೆ ಬೆಳತೂರಿನ ಬೆಟ್ಟದಲ್ಲಿ ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು.

ಯೋಚಿಸಿ ನೋಡಿ, ಸಾವಿರ ವರ್ಷದ ಹಿಂದೆ ಒಬ್ಬ ಕಲ್ಲುಕುಟಿಗನಿಗೆ ನಮಗಿಂತ ಕಟ್ಟುನಿಟ್ಟಾದ ಪದಮಿತಿ ಇತ್ತು. ಕಲ್ಲಿನ ಅಗಲ ಎಷ್ಟೋ ಅಷ್ಟೇ. ದೊಡ್ಡ ದೊಡ್ಡ ರಾಜರು, ದೊಡ್ಡ ಯುದ್ಧ, ಎಲ್ಲ ಅದರಲ್ಲಿದೆ. ಆದರೆ ನಮ್ಮ ಮನಸ್ಸಿನಲ್ಲಿ ಉಳಿಯುವುದು ನಾಯಿ ಕೇಳಿದ ಮನುಷ್ಯ. ಅವನು ಯಾಕೆ ನಾಯಿ ಕೇಳಿದ ಅಂತ ಶಾಸನ ಹೇಳುವುದಿಲ್ಲ, ಹೇಳದೆ ಬಿಟ್ಟದ್ದೇ ಕಥೆ. ಹೆಮಿಂಗ್ವೇ ಬರೆದದ್ದು ಅಂತ ಎಲ್ಲರೂ ಹೇಳುವ ಆರು ಪದದ ಕಥೆಯೊಂದು ಇದೆಯಲ್ಲ, ಅದು ಆತನದು ಅನ್ನುವುದಕ್ಕೆ ಆಧಾರವೇ ಇಲ್ಲವಂತೆ. ನಮ್ಮ ಕಾಳಿಗಾದರೋ ಕಲ್ಲಿನ ಆಧಾರವೇ ಇದೆ!

ಕನ್ನಡದಲ್ಲಿ ಐತಿಹಾಸಿಕ ಅಂದ ಕೂಡಲೇ ನಮಗೆ ದಪ್ಪ ಕಾದಂಬರಿ ನೆನಪಾಗುತ್ತದೆ. ತ.ರಾ.ಸು. ಅವರ 'ದುರ್ಗಾಸ್ತಮಾನ', ಮಾಸ್ತಿಯವರ 'ಚಿಕವೀರ ರಾಜೇಂದ್ರ'. ಅದೇ ಮಾಸ್ತಿಯವರು 'ನಿಜಗಲ್ಲಿನ ರಾಣಿ'ಯಂಥ ಸಣ್ಣಕಥೆಗಳನ್ನೂ ಬರೆದರು ಅನ್ನುವುದನ್ನು ಮರೆಯುತ್ತೇವೆ. ದೊಡ್ಡ ಕಾದಂಬರಿಯಲ್ಲಿ ಒಂದು ತಪ್ಪು ನುಸುಳಿದರೆ ಓದುಗ ಮುಂದೆ ಹೋಗಿಬಿಡುತ್ತಾನೆ. ಇನ್ನೂರು ಪದದಲ್ಲಿ ಒಂದು ತಪ್ಪು ಅಂದರೆ ಹತ್ತು ರೂಪಾಯಿಯ ಖಾತೆಯಲ್ಲಿ ಐದು ರೂಪಾಯಿ ವ್ಯತ್ಯಾಸ ಬಂದ ಹಾಗೆ. ನಮ್ಮ ಸ್ಪರ್ಧೆಯಲ್ಲೇ ಆಯಿತು. ಇಮ್ಮಡಿ ಪುಲಕೇಶಿಯ ಬಾದಾಮಿಯಲ್ಲಿ ಒಬ್ಬ ಅಡುಗೆಯವಳು ಕೆಂಪು ಮೆಣಸಿನಕಾಯಿ ಕುಟ್ಟುತ್ತಿದ್ದಳು. ಕಥೆ ಚೆನ್ನಾಗಿತ್ತು, ಪಾಪ. ಆದರೆ ಪುಲಕೇಶಿಯ ಕಾಲ ಏಳನೆಯ ಶತಮಾನ. ಮೆಣಸಿನಕಾಯಿ ಅಮೆರಿಕಾ ಖಂಡದಿಂದ ಪೋರ್ಚುಗೀಸರ ಹಡಗು ಹತ್ತಿ ಬಂದದ್ದು, ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ 1498ರ ನಂತರ. "ಆ ಹೆಂಗಸಿಗೆ ಒಂಬೈನೂರು ವರ್ಷ ಮುಂಗಡ ಸಾಲ ಕೊಟ್ಟಿದ್ದೀರಿ" ಅಂದೆ. ಎಲ್ಲರೂ ನಕ್ಕರು, ಬರೆದವರೂ ನಕ್ಕರು. ಕಾಳುಮೆಣಸು ಅಂತ ತಿದ್ದಿದರೆ ಮುಗಿಯಿತು.

ಪೇಢೆ ಗೆದ್ದದ್ದು ಒಬ್ಬ ನಿವೃತ್ತ ಶಿಕ್ಷಕಿಯ ಕಥೆ. ನಮ್ಮ ಕಡೆಯದೇ ವಿಷಯ, ಮಸ್ಕಿಯ ಅಶೋಕನ ಶಾಸನ. ನಾನು ಅದೇ ಲಿಂಗಸುಗೂರು ಸೀಮೆಯವನಾಗಿ ನನಗೇ ಹೊಳೆಯಲಿಲ್ಲ. 1915ರಲ್ಲಿ ನಿಜಾಮರ ಸಂಸ್ಥಾನದಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬಾತ ಅಲ್ಲಿ ಬಂಡೆಯ ಮೇಲಿನ ಬರಹ ಗುರುತಿಸಿದ. ಅಲ್ಲಿಯವರೆಗೆ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಅಂತ ಸಿಗುತ್ತಿತ್ತು, ಇಲ್ಲಿ ಅಶೋಕ ಎಂಬ ಹೆಸರೇ ಸಿಕ್ಕಿತು. ಆಕೆ ಬೀಡನ್ನನ ಬಗ್ಗೆ ಬರೆಯಲೇ ಇಲ್ಲ. ಒಬ್ಬ ಕುರಿ ಕಾಯುವ ಹುಡುಗನನ್ನು ಕಲ್ಪಿಸಿಕೊಂಡರು. ಮಳೆ ಬಂದಾಗ ಅವನು ದಿನಾ ಒರಗಿ ಕೂರುವ ಬಂಡೆ. ಬೆನ್ನಿಗೆ ಅಕ್ಷರ ಒತ್ತುತ್ತದೆ, ಅವನಿಗೆ ಅದು ಬೆನ್ನು ತುರಿಸಿಕೊಳ್ಳಲು ಅನುಕೂಲ. ಸಾಹೇಬ ಬಂದು ಕಾಗದ ಒತ್ತಿ ಅಚ್ಚು ತೆಗೆದುಕೊಂಡು ಹೋದ ಮೇಲೆ ಕಾವಲುಗಾರ ಅವನನ್ನು ಅಲ್ಲಿ ಕೂರಲು ಬಿಡುವುದಿಲ್ಲ. ಅಷ್ಟೇ ಕಥೆ. ಪೇಢೆ ಅವರಿಗೇ ಸಲ್ಲಬೇಕಿತ್ತು, ಸಂದಿತು.

ಇನ್ನು ಆ ದಿನ ಚಹಾ ಆರಿಹೋದ ವಿಷಯಕ್ಕೆ ಬರುತ್ತೇನೆ.

ಓದಲು ಬಂದ ಹಾಳೆಗಳಲ್ಲಿ ಎರಡು 1948ರವು. ಹೈದರಾಬಾದ್ ಸಂಸ್ಥಾನದ ನಮ್ಮಂಥವರಿಗೆ ಆ ವರ್ಷ ಅಂದರೆ ಏನು ಅಂತ ಹಳೆ ಮೈಸೂರಿನ ಗೆಳೆಯರಿಗೆ ಬಿಡಿಸಿ ಹೇಳಬೇಕಾಗುತ್ತದೆ. ದೇಶಕ್ಕೆ ಸ್ವಾತಂತ್ರ್ಯ 1947ರ ಆಗಸ್ಟಿನಲ್ಲಿ, ನಮಗೆ 1948ರ ಸೆಪ್ಟೆಂಬರ್ 17ಕ್ಕೆ. ನಡುವೆ ರಜಾಕಾರರ ಹಾವಳಿ. ಬೀದರ್ ಜಿಲ್ಲೆಯ ಗೋರಟಾದಲ್ಲಿ ಆ ಮೇ ತಿಂಗಳಲ್ಲಿ ನಡೆದ ಕಗ್ಗೊಲೆಯನ್ನು ಜನ ಇವತ್ತಿಗೂ ಮರೆತಿಲ್ಲ. ನಮ್ಮ ಅಜ್ಜನ ಮನೆಯವರೂ ಆ ವರ್ಷ ಗಂಟುಮೂಟೆ ಕಟ್ಟಿಕೊಂಡು ತುಂಗಭದ್ರೆ ದಾಟಿ ಬಳ್ಳಾರಿ ಕಡೆ ಹೋಗಿ ಕೂತಿದ್ದವರು. ಮೊದಲನೆಯ ಕಥೆ ಇಂಥದ್ದೇ ಒಂದು ಊರಿನ ರಾತ್ರಿಯದು. ಬೆಂಕಿ, ಓಟ, ಬಾವಿ, ಕೊನೆಯ ಸಾಲಿನಲ್ಲಿ ಸತ್ತವರ ಸಂಖ್ಯೆ. ಓದಿ ಮುಗಿದಾಗ ಎಲ್ಲರೂ ತಲೆದೂಗಿದೆವು.

ಎರಡನೆಯದು ಸೆಪ್ಟೆಂಬರಿನ ನಂತರದ್ದು. ಬೀದರಿನ ಒಬ್ಬ ದರ್ಜಿ. ಊರಿನ ಹಿಂದೂ ಮದುವೆಯೊಂದಕ್ಕೆ ರವಿಕೆ ಹೊಲಿದುಕೊಡಲು ಒಪ್ಪಿಕೊಂಡಿರುತ್ತಾನೆ. ಅಳತೆಯ ರವಿಕೆ ವಾಪಸ್ ತರಲು ಮದುಮಗಳ ತಂಗಿ ಹೋದಾಗ ಮನೆ ಬಾಗಿಲು ತೆರೆದಿದೆ, ಹೊಲಿಗೆ ಯಂತ್ರದಲ್ಲಿ ಅರ್ಧ ಹೊಲಿದ ತೋಳು ಸಿಕ್ಕಿಕೊಂಡಿದೆ, ಮನೆಯಲ್ಲಿ ಯಾರೂ ಇಲ್ಲ. ಹುಡುಗಿ ಅಳತೆಯ ರವಿಕೆ ಹುಡುಕಿಕೊಂಡು ಮನೆಗೆ ಬರುತ್ತಾಳೆ. ಏನಾಯಿತು ಅಂತ ಕಥೆ ಹೇಳುವುದಿಲ್ಲ. ಹೆಸರಿಲ್ಲದಿದ್ದರೂ ಬರೆದವರು ಯಾರು ಅಂತ ಎಲ್ಲರಿಗೂ ಗೊತ್ತಾಯಿತು. ನಮ್ಮಲ್ಲಿ ಉರ್ದು ಮನೆಮಾತಿನವರು, ಬೀದರಿನಲ್ಲಿ ಕನ್ನಡ ಶಾಲೆಯಲ್ಲಿ ಓದಿದವರು ಇರುವುದು ಒಬ್ಬರೇ.

ಯಾರೂ ಮಾತಾಡಲಿಲ್ಲ. ಒಬ್ಬರು, "ಇದು ನಡೆದದ್ದಾ?" ಅಂದರು. ಪುಲಕೇಶಿಯ ಮೆಣಸಿನಕಾಯಿಗೆ ಬಿಟ್ಟರೆ ಆ ದಿನ ಬೇರೆ ಯಾವ ಕಥೆಗೂ ಯಾರೂ ಸಾಕ್ಷಿ ಕೇಳಿರಲಿಲ್ಲ. ಮೊದಲನೆಯ ಕಥೆಯ ಸಂಖ್ಯೆಗೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅದು ನನಗೆ ಆಮೇಲೆ ರಾತ್ರಿಯೆಲ್ಲ ಕೊರೆಯಿತು. ಆಧಾರ ಬೇಕೆಂದರೆ ಇದೆ. ನೆಹರೂ ಅವರು ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ 1948ರ ಕೊನೆಯಲ್ಲಿ ಸಂಸ್ಥಾನದಲ್ಲಿ ಸುತ್ತಾಡಿ, ಪೊಲೀಸ್ ಕಾರ್ಯಾಚರಣೆಯ ವೇಳೆ ಮತ್ತು ನಂತರ 27 ರಿಂದ 40 ಸಾವಿರ ಜನ ಸತ್ತಿರಬಹುದು ಅಂತ ಅಂದಾಜು ಕೊಟ್ಟಿತು. ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಎರಡು ನಮ್ಮವೇ, ಬೀದರ್ ಮತ್ತು ಗುಲ್ಬರ್ಗ. ಆ ವರದಿ ದಶಕಗಟ್ಟಲೆ ಹೊರಗೆ ಬರಲಿಲ್ಲ. ಸಾಮಾನ್ಯರಿಗೆ ನೋಡಲು ಸಿಕ್ಕಿದ್ದು 2013ರ ಹೊತ್ತಿಗೆ.

ಆ ದಿನ ನಾನು ಎರಡನೆಯದೇ ಒಳ್ಳೆಯ ಕಥೆ ಅಂದೆ. ಕೋಣೆಯಲ್ಲಿ ಇಬ್ಬರು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣ ಮುಂದಿದೆ. ನೀವು ಆ ಪಕ್ಷವೋ ಅಂತ ಬಾಯಿಬಿಟ್ಟು ಕೇಳಲಿಲ್ಲ, ಅಷ್ಟೇ. ನಾನು ಹೇಳಿದ್ದು ಪಕ್ಷದ ಮಾತಲ್ಲ. ಇನ್ನೂರು ಪದದಲ್ಲಿ ಎರಡೂ ಕಡೆಯ ದುಃಖ ಹಿಡಿಸುವುದಿಲ್ಲ, ಹಿಡಿಸಬೇಕು ಅಂತ ಹಟವೂ ಬೇಡ. ಆದರೆ ಸತ್ತವರ ಸಂಖ್ಯೆಯನ್ನು ಕೊನೆಯ ಸಾಲಿಗೆ ಉಳಿಸಿಕೊಂಡು ಪಟಾಕಿಯಂತೆ ಹೊಡೆಯುವುದು ನನಗೆ ಸರಿಬರುವುದಿಲ್ಲ. ಅದು ನಮ್ಮ ಅಜ್ಜನ ಕಡೆಯ ದುಃಖವಾದರೂ ಸರಿಯೇ. ಇನ್ನೊಂದು: ನಿಜವಾಗಿ ಇದ್ದ ಊರಿನ, ನಿಜವಾಗಿ ಹೆಸರಿದ್ದ ಮನುಷ್ಯನ ಮೇಲೆ ಅವನು ಮಾಡದ ಕೆಲಸ ಹೊರಿಸಬಾರದು. ಅವನ ಮೊಮ್ಮಕ್ಕಳು ಇದೇ ಊರಲ್ಲಿ ನಮ್ಮ ಕೌಂಟರಿಗೆ ಪಿಂಚಣಿ ತಗೊಳ್ಳಲು ಬರುತ್ತಾರೆ. ದರ್ಜಿಯನ್ನು ಕಲ್ಪಿಸಿಕೊಳ್ಳಿ, ಕುರಿ ಹುಡುಗನನ್ನು ಕಲ್ಪಿಸಿಕೊಳ್ಳಿ, ಅದು ಬರೆಯುವವನ ಹಕ್ಕು. ನಿಜಾಮನ ಕಣ್ಣೀರು ಬರೆದ ನನಗೆ ಇದನ್ನು ಹೇಳುವ ಯೋಗ್ಯತೆ ಇತ್ತೋ ಇಲ್ಲವೋ, ಹೇಳಿದೆ. ಮೊದಲನೆಯ ಕಥೆ ಬರೆದ ಗೆಳೆಯರು ಮುಂದಿನ ತಿಂಗಳು ಬರಲಿಲ್ಲ. ಅದರ ಮುಂದಿನ ತಿಂಗಳು ಬಂದರು. ಬೀದರಿನವರ ಪಕ್ಕದಲ್ಲೇ ಕೂತು ಉಪ್ಪಿಟ್ಟು ತಿಂದರು. ಕಥೆಯ ಮಾತು ಇಬ್ಬರೂ ಎತ್ತಲಿಲ್ಲ.

ನಾನು ಏನು ಬರೆದೆ ಅಂತ ಕೇಳುತ್ತೀರೇನೋ. ಪ್ರವಾಹದ ಹಾಳೆ ಹರಿದು ಹಾಕಿ, ನನಗೆ ಗೊತ್ತಿರುವ ವಿಷಯಕ್ಕೆ ಬಂದೆ, ಅಂದರೆ ದುಡ್ಡು. ನಿಜಾಮರ ಸಂಸ್ಥಾನಕ್ಕೆ ತನ್ನದೇ ನಾಣ್ಯ ಇತ್ತು, ಹಾಲಿ ಸಿಕ್ಕಾ. ಬ್ರಿಟಿಷ್ ರೂಪಾಯಿಗೆ ನಮ್ಮ ಕಡೆ ಕಲ್ದಾರ ಅನ್ನುತ್ತಿದ್ದರು. ಏಳು ಹಾಲಿಗೆ ಆರು ಕಲ್ದಾರ. ಸಂಸ್ಥಾನ ಭಾರತಕ್ಕೆ ಸೇರಿದ ಮೇಲೂ ಕೆಲವು ವರ್ಷ ಹಾಲಿ ಚಲಾವಣೆಯಲ್ಲಿತ್ತು, ಐವತ್ತರ ದಶಕದಲ್ಲಿ ಹೋಯಿತು. ನಮ್ಮ ಅಜ್ಜಿ ಸಾಯುವ ತನಕ ಯಾವುದೇ ಬೆಲೆ ಕೇಳಿದರೂ "ಹಾಲೀನೋ ಕಲ್ದಾರೋ?" ಅನ್ನುತ್ತಿದ್ದಳು, ನಾವು ನಗುತ್ತಿದ್ದೆವು. ನನ್ನ ಕಥೆ ಇದು:

ಲಿಂಗಸುಗೂರಿನ ಖಜಾನೆಯ ಕಿಟಕಿಯ ಮುಂದೆ ಅವಳು ಗಂಟು ಬಿಚ್ಚಿದಳು. ಗುಮಾಸ್ತ ಎಣಿಸಿದ. ಇಪ್ಪತ್ತೊಂದು ಹಾಲಿ. ಇನ್ನೊಮ್ಮೆ ಎಣಿಸಿ, ಹದಿನೆಂಟು ರೂಪಾಯಿ ಮುಂದೆ ತಳ್ಳಿದ.

"ಇಪ್ಪತ್ತೊಂದು ತಂದೀನ್ರಿ."

"ಏಳಕ್ಕ ಆರು, ಯವ್ವಾ. ಸರ್ಕಾರದ ಲೆಕ್ಕ."

ಅವಳು ಹದಿನೆಂಟನ್ನು ಆರಾರರಂತೆ ಮೂರು ಸಾಲು ಮಾಡಿದಳು. ಪ್ರತಿ ಸಾಲಿನ ಕೊನೆಗೆ ಬೆರಳಿಟ್ಟು ತೋರಿಸಿದಳು.

"ಇಲ್ಲೊಂದು, ಇಲ್ಲೊಂದು, ಇಲ್ಲೊಂದು. ಯಾರ್ ನುಂಗಿದ್ರು?"

"ಯಾರೂ ನುಂಗಿಲ್ಲ. ಆ ರೂಪಾಯಿ ಬ್ಯಾರೆ, ಈ ರೂಪಾಯಿ ಬ್ಯಾರೆ."

"ನಾ ಕಳೆ ಕಿತ್ತಾಗ ಹೊಲ ಒಂದ ಇತ್ತಲ್ರಿ."

ಹಿಂದೆ ನಿಂತವರು ಗದ್ದಲ ಮಾಡಿದರು. ಅವಳು ಹದಿನೆಂಟನ್ನೂ ಗಂಟು ಕಟ್ಟಿಕೊಂಡು ಹೋದಳು. ಗುಮಾಸ್ತ ಮಸಿ ಕುಡಿಕೆಯನ್ನು ಸರಿಸಿ ಇಟ್ಟ. ಅವನ ಸಂಬಳವೂ ಹೋದ ತಿಂಗಳು ಏಳಕ್ಕೆ ಆರಾಗಿತ್ತು. ಮನೆಯಲ್ಲಿ ಅದನ್ನು ಹೇಗೆ ಹೇಳುವುದು ಅಂತ ಅವನಿಗೆ ಇನ್ನೂ ತಿಳಿದಿರಲಿಲ್ಲ.

ಇಷ್ಟೇ. ಮೂರು ವಾರದ ಕೆಲಸ, ನೂರು ಪದವೂ ಆಗಲಿಲ್ಲ. ಬಹುಮಾನ ಬರಲಿಲ್ಲ ಅಂತ ಆಗಲೇ ಹೇಳಿದೆ. ಆದರೆ ಓದಿದ ಮೇಲೆ ನಾಣ್ಯ ಕೂಡಿಡುವ ಹವ್ಯಾಸದ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡರು. "ನಿಮ್ಮ ಗುಮಾಸ್ತ ಹೇಳಿದ್ದು ಹಳೆಯ ಕಾಲಕ್ಕೆ ಸರಿ" ಅಂದರು. ಹಾಲಿ ರೂಪಾಯಿಯ ತೂಕ ಸುಮಾರು 11.18 ಗ್ರಾಂ, ಅದರಲ್ಲಿ ಸಾವಿರಕ್ಕೆ 818 ಭಾಗ ಬೆಳ್ಳಿ. ಹಳೆಯ ಬ್ರಿಟಿಷ್ ರೂಪಾಯಿ 11.66 ಗ್ರಾಂ, ಸಾವಿರಕ್ಕೆ 917 ಭಾಗ ಬೆಳ್ಳಿ. ನಾನು ಅಲ್ಲೇ ಹಾಳೆಯ ಹಿಂದೆ ಲೆಕ್ಕ ಹಾಕಿದೆ. ಏಳು ಹಾಲಿಯ ಬೆಳ್ಳಿ 64 ಗ್ರಾಂ, ಆರು ಕಲ್ದಾರದ ಬೆಳ್ಳಿಯೂ ಹೆಚ್ಚುಕಡಿಮೆ 64 ಗ್ರಾಂ. ಗುಮಾಸ್ತ ಗೆದ್ದ ಅಂದುಕೊಂಡೆ.

"ತಡೀರಿ" ಅಂದರು. "1947ರಿಂದ ಭಾರತದ ರೂಪಾಯಿ ನಿಕ್ಕಲ್ಲಿನದು. ನಿಮ್ಮ ಮುದುಕಿ ಐವತ್ತರ ದಶಕದಲ್ಲಿ ಬೆಳ್ಳಿ ಕೊಟ್ಟು ನಿಕ್ಕಲ್ಲೋ ಕಾಗದವೋ ತಗೊಂಡು ಹೋದಳು."

ಅಂದರೆ ನನ್ನ ಕಥೆಯ ಗುಮಾಸ್ತನ ಹಾಗೆ ನಾನೂ ಅವಳಿಗೆ ಲೆಕ್ಕ ಹೇಳಿ ಕಳಿಸಿಬಿಟ್ಟಿದ್ದೆ. ಯಾರು ನುಂಗಿದ್ರು ಅಂತ ಅವಳು ಕೇಳಿದ್ದು ನಾನು ತಿಳಿದುಕೊಂಡಷ್ಟು ದಡ್ಡ ಪ್ರಶ್ನೆ ಆಗಿರಲಿಲ್ಲ. ಬರೆಯುವಾಗ ನನಗೆ ಅದು ಗೊತ್ತಿರಲಿಲ್ಲ. ಕಥೆಗೆ ಗೊತ್ತಿತ್ತೇನೋ!

ಆ ರಾತ್ರಿ ಊರಿಗೆ ಫೋನು ಮಾಡಿ ಅವ್ವನಿಗೆ ಓದಿ ಹೇಳಿದೆ. ಸುಮ್ಮನೆ ಕೇಳಿದಳು. ಆಮೇಲೆ, "ನಿಮ್ಮಜ್ಜಿ ಹಂಗ ಗಂಟ ಕಟ್ಕೊಂಡು ಸುಮ್ನ ಬರಾಕಿ ಅಲ್ಲಪ. ಏಳರ ಲೆಕ್ಕಕ್ಕ ಸಿಗಲಾರದ್ದು ಒಂದು ಉಳೀತಂತ. ಅದಕ ಚಿಲ್ರಿ ಕೊಡ್ತೀವಿ ಅಂದ್ರ ಒಲ್ಲೆ ಅಂದು ಕಸ್ಕೊಂಡು ಬಂದಾಳ. ದೇವರ ಪೆಟಿಗ್ಯಾಗ ಐತಿ" ಅಂದಳು.

ಐವತ್ತು ವರ್ಷ ದಾಟಿದ ನನಗೆ ಇದು ಗೊತ್ತೇ ಇರಲಿಲ್ಲ. ದಸರೆಗೆ ಹೋದಾಗ ತೆಗೆಸಿ ನೋಡಿದೆ. ಕುಂಕುಮ ಹತ್ತಿ ಕಪ್ಪಾಗಿತ್ತು. ಒರೆಸಿದರೆ ಚಾರ್‌ಮಿನಾರ್, ಅದರ ಬಾಗಿಲಲ್ಲಿ ಉಸ್ಮಾನ್ ಹೆಸರಿನ ಮೊದಲ ಉರ್ದು ಅಕ್ಷರ. ನಾನು ಮೂವತ್ತು ವರ್ಷದಿಂದ ನೋಡುತ್ತಿರುವ ಚಾರ್‌ಮಿನಾರು, ಹೈದರಾಬಾದನ್ನೇ ನೋಡದ ಅಜ್ಜಿಯ ಪೆಟ್ಟಿಗೆಯಲ್ಲಿ ನನಗಿಂತ ಮೊದಲೇ ಇತ್ತು.

"ಈಗ ಇದಕ ಎಷ್ಟ ಬರ್ತದ?" ಅಂದಳು ಅವ್ವ. ಆ ದಿನದ ಬೆಳ್ಳಿ ದರ ಹಿಡಿದು ಲೆಕ್ಕ ಮಾಡಿ ಹೇಳಿದೆ. ಕೇಳಿಸಿಕೊಂಡು, ನನ್ನ ಕೈಯಿಂದ ತಗೊಂಡು, ಮತ್ತೆ ಪೆಟ್ಟಿಗೆಯೊಳಗೆ ಇಟ್ಟಳು.